ದೊಡ್ಡ ಕ್ಲಬ್ಬು ಸಣ್ಣವರ ಮೈದಾನಕ್ಕೆ ಬರುತ್ತಾ?

ಪ್ರಶ್ನೆ: ಸರ್, ನಾವು ಬೆಳಗಾವಿಯ ಲೇಲೆ ಮೈದಾನದಲ್ಲಿ ಆಡೋ ಹುಡುಗರು. ಇಂಗ್ಲೆಂಡಿನ ಫುಟ್‌ಬಾಲ್ ಟೂರ್ನಿ ಎಫ್‌ಎ ಕಪ್‌ನಲ್ಲಿ ಸಣ್ಣ ಕ್ಲಬ್ಬುಗಳೂ ದೊಡ್ಡವರ ಜೊತೆ ಆಡುತ್ತವಂತೆ. ನಿಜವಾ, ಇಲ್ಲಾ ಸುಮ್ನೆ ಹೆಸರಿಗಾ?
– ಓದುಗ, ತಿಲಕವಾಡಿ

ಉತ್ತರ: ನಿಜಾನೇ ರೀ. 1871ರಲ್ಲಿ ಶುರುವಾದ ಕಪ್ ಇದು. ಪ್ರತಿ ವರ್ಷ 700ಕ್ಕೂ ಹೆಚ್ಚು ಕ್ಲಬ್ಬುಗಳು ಆಡುತ್ತವೆ, ಸೋತರೆ ಅಲ್ಲಿಗೆ ಮುಗೀತು. ಸಣ್ಣವರು ಆಗಸ್ಟ್‌ನಿಂದಲೇ ಬೆವರು ಸುರಿಸಬೇಕು, ಎಲ್ಲಕ್ಕಿಂತ ಮೇಲಿನ ದರ್ಜೆಯಾದ ಪ್ರೀಮಿಯರ್ ಲೀಗಿನವರು ಮಾತ್ರ ಜನವರಿಯ ಮೂರನೇ ಸುತ್ತಿಗೆ ಆರಾಮಾಗಿ ಬರುತ್ತಾರೆ. ಆದರೆ ಯಾರಿಗೆ ಯಾರು ಎದುರಾಳಿ ಅಂತ ಚೀಟಿ ಎತ್ತುವಾಗ ದೊಡ್ಡವರು ಚಿಕ್ಕವರು ಅಂತ ಭೇದ ಇಲ್ಲ. ಯಾರ ಹೆಸರು ಮೊದಲು ಬರುತ್ತೋ ಅವರ ಮೈದಾನದಲ್ಲೇ ಆಟ.

2021ರ ಜನವರಿಯಲ್ಲಿ ಹಾಗೇ ಆಯ್ತು. ಎಂಟನೇ ದರ್ಜೆಯ ಮರೀನ್ ಕ್ಲಬ್ಬಿನ ಮೈದಾನಕ್ಕೆ ಪ್ರೀಮಿಯರ್ ಲೀಗಿನ ಟಾಟನ್‌ಹ್ಯಾಮ್ ಬಂತು. ಲಿವರ್‌ಪೂಲ್ ಹತ್ತಿರದ ಊರು, ಮೈದಾನದ ಗೆರೆಯ ಪಕ್ಕದಲ್ಲೇ ಮನೆಗಳ ಹಿತ್ತಲು. ಕೋವಿಡ್ ಕಾಲ, ಪ್ರೇಕ್ಷಕರಿಗೆ ಪ್ರವೇಶ ಇಲ್ಲ, ಅಕ್ಕಪಕ್ಕದವರು ತಮ್ಮ ಹಿತ್ತಲಲ್ಲೇ ನಿಂತು ಬೇಲಿ ಮೇಲಿಂದ ನೋಡಿದರು! ಸ್ಕೋರ್ 0-0 ಇದ್ದಾಗ ಮರೀನ್ ಹೊಡೆದ ಚೆಂಡು ಗೋಲಿನ ಅಡ್ಡಪಟ್ಟಿಗೆ ಬಡಿದು ಹೋಯ್ತು. ಕೊನೆಗೆ 0-5 ಸೋಲು. ಆದರೂ ಹೆಸರಿಗಷ್ಟೇ ಇದ್ದ 10 ಪೌಂಡಿನ ಆನ್‌ಲೈನ್ ಟಿಕೆಟ್ 30 ಸಾವಿರಕ್ಕೂ ಜಾಸ್ತಿ ಮಾರಾಟವಾದವು, ಸಣ್ಣ ಕ್ಲಬ್ಬಿಗೆ ಅದು ಲಾಟರಿ ಹೊಡೆದ ಹಾಗೇ ಅಲ್ವಾ?

ಗೆದ್ದವರೂ ಇದ್ದಾರೆ. 2017ರಲ್ಲಿ ಐದನೇ ದರ್ಜೆಯ ಲಿಂಕನ್ ಸಿಟಿ, ಪ್ರೀಮಿಯರ್ ಲೀಗಿನ ಬರ್ನ್ಲಿಯನ್ನು ಅವರ ಮೈದಾನದಲ್ಲೇ 1-0 ಸೋಲಿಸಿ ಕ್ವಾರ್ಟರ್‌ಫೈನಲ್‌ಗೆ ಹೋಯ್ತು. ಮುಂದೆ ಆರ್ಸೆನಲ್ 5 ಗೋಲು ಹೊಡೆದು ಮನೆಗೆ ಕಳಿಸಿತು, ಆ ಮಾತು ಬೇರೆ.