ಇಟಲಿಯ ಬಸ್ಸಾನೊ ದೆಲ್ ಗ್ರಾಪ್ಪಾ ನೋಡೋಕೆ ಒಂದು ದಿನ ಸಾಕಾ? ಪಿಂಗಾಣಿಗೆ ಎಲ್ಲಿ ಹೋಗಬೇಕು?

ಬೆಳಿಗ್ಗೆಯೇ ಹೊರಟರೆ ಸಾಕು. ವೆನಿಸ್‌ನಿಂದ ನೇರ ರೈಲಿದೆ. ಮೊದಲು ಬ್ರೆಂಟಾ ನದಿಯ ಮರದ ಸೇತುವೆಗೆ ಹೋಗಿ. 1569ರಲ್ಲಿ ವಾಸ್ತುಶಿಲ್ಪಿ ಪಲ್ಲಾಡಿಯೊ ರೂಪಿಸಿದ್ದು. ಪ್ರವಾಹ, ಯುದ್ಧಗಳಲ್ಲಿ ಹಾಳಾದರೂ ಅದೇ ರೂಪದಲ್ಲಿ ಮತ್ತೆ ಮತ್ತೆ ಕಟ್ಟಿದ್ದಾರೆ. ಮೇಲೆ ಮಾಡು ಇದೆ, ಮಳೆ ಬಂದರೂ ನಿಂತು ನದಿ ನೋಡಬಹುದು.

ಪಿಂಗಾಣಿ ಮ್ಯೂಸಿಯಂ ಇರುವುದು ನದಿ ದಂಡೆಯ ಪಲಾಝೊ ಸ್ಟುರ್ಮ್‌ನಲ್ಲಿ. ಬಿಳಿ ಮೆರುಗಿನ ಮೇಲಿನ ಹೂಬಳ್ಳಿಗಳನ್ನು ಹತ್ತಿರದಿಂದ ನೋಡಿ, ಕುಂಚದ ಎಳೆ ಎಳೆಯೂ ಕಾಣುತ್ತದೆ.

ಆದರೆ ಪಿಂಗಾಣಿ ಸುಡುವ ಕುಲುಮೆಗಳ ನಿಜವಾದ ಊರು ಪಕ್ಕದ ನೋವೆ. ಅಲ್ಲಿಗೆ ಹೋಗದೆ ಬರಲೇಬೇಡಿ. ನದಿಯ ಬಿಳಿ ಕಲ್ಲುಗಳನ್ನು ನೀರಿನಿಂದ ನಡೆಯುವ ಗಿರಣಿಯಲ್ಲಿ ಕುಟ್ಟಿ ಪುಡಿ ಮಾಡಿ ಪಿಂಗಾಣಿಗೆ ಬಳಸುತ್ತಿದ್ದರು. ಅಂದರೆ ಕಚ್ಚಾವಸ್ತು, ಶಕ್ತಿ ಎರಡೂ ಬ್ರೆಂಟಾದ್ದೇ! ಆ ಹಳೆಯ ಗಿರಣಿ ಇನ್ನೂ ಇದೆ. ಮ್ಯೂಸಿಯಂಗಳ ವಾರದ ರಜೆ ಮಾತ್ರ ಮೊದಲೇ ನೋಡಿಕೊಳ್ಳಿ.