ಗಂಟೇ ಇರಲಿಲ್ಲ, ಮತ್ತೆ ಯಾಕೆ ಟೆಸ್ಟ್ ಅಂತ ಕೇಳಿದ ಅಕ್ಕ

ವಿರಾಜಪೇಟೆ ಕಡೆಯ ಕಾಫಿ ತೋಟದ ಮನೆಯವರು, ವಯಸ್ಸು 54. ಕಾವೇರಮ್ಮ ಅನ್ನೋಣ. ಹೆಸರು ಬೇರೆ, ಗುರುತು ಸಿಗುವ ವಿವರಗಳನ್ನೂ ಬದಲಿಸಿದ್ದೇನೆ.

ಮೂರು ವರ್ಷದ ಹಿಂದೆ ಅವರಿಗೆ ಗಂಟೂ ಇರಲಿಲ್ಲ, ನೋವೂ ಇರಲಿಲ್ಲ. ನಾದಿನಿ ಸ್ತನದ ಎಕ್ಸ್‌ರೇ, ಅಂದರೆ ಮಮೊಗ್ರಾಮ್‌ಗೆ ಮೈಸೂರಿಗೆ ಹೊರಟಾಗ ಜೊತೆಗೆ ಹೋದವರು ತಾವೂ ಮಾಡಿಸಿಕೊಂಡರು. ನಾದಿನಿಗೆ ಏನೂ ಇರಲಿಲ್ಲ. ಇವರ ಎಡ ಸ್ತನದಲ್ಲಿ ಸಾಸಿವೆಗಿಂತ ಸಣ್ಣ ಸುಣ್ಣದ ಚುಕ್ಕಿಗಳು ಗುಂಪಾಗಿ ಕಂಡವು, ಮುಟ್ಟಿ ನೋಡಿದರೆ ಕೈಗೆ ಸಿಗದಂಥವು. ಅಲ್ಲಿಂದ ಚೂರು ತೆಗೆದು ಪರೀಕ್ಷಿಸಿದಾಗ (ಬಯಾಪ್ಸಿ) ಕ್ಯಾನ್ಸರ್ ಅಂತ ಬಂತು, ತೀರಾ ಆರಂಭದ ಹಂತ. ಆ ಭಾಗವನ್ನಷ್ಟೇ ತೆಗೆದು 3 ವಾರ ರೇಡಿಯೇಷನ್ ಕೊಟ್ಟರು. ಕೀಮೋ ಬೇಕಾಗಲಿಲ್ಲ. ಈಗ ದಿನಕ್ಕೊಂದು ಮಾತ್ರೆ, ವರ್ಷಕ್ಕೊಂದು ಮಮೊಗ್ರಾಮ್.

ಆ ಮಮೊಗ್ರಾಮ್‌ಗೆ ಹೆದರಿಯೇ ಅವರು ನನ್ನ ಹತ್ತಿರ ಬಂದದ್ದು. ತಾರೀಕು ಹತ್ತಿರ ಬಂದಂತೆ ನಿದ್ದೆ ಹೋಗಿತ್ತು, ದಿನಕ್ಕೆ ಹತ್ತು ಸಲ ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. "ಅವತ್ತು ಸುಮ್ನೆ ಹೋಗಿದ್ದೆ ಮೇಡಂ, ಸಿಕ್ಕಿಹಾಕಿಕೊಂಡೆ. ಈ ಸಲ ಹೋಗಲ್ಲ. ಕುಯ್ಲು ಬೇರೆ ಬರ್ತಿದೆ."

ತುಂಬಾ ಹೊತ್ತು ಸುಮ್ಮನೆ ಕೇಳಿದೆ. ಆಮೇಲೆ ಒಂದೇ ಪ್ರಶ್ನೆ ಕೇಳಿದೆ: "ಅಕ್ಕ, ಅವತ್ತು ಹೋಗದೇ ಇದ್ದಿದ್ದರೆ ಆ ಚುಕ್ಕಿಗಳು ಇರುತ್ತಿರಲಿಲ್ಲವಾ?"

"ಇರ್ತಿದ್ವು," ಅಂದರು. ಅತ್ತರು.

ಈ ಭಯ ಬಹಳ ಜನರಿಗೆ ಬರುತ್ತದೆ, ಅದು ಹೋಗಲಿ ಅಂತ ಕಾಯುತ್ತಾ ಟೆಸ್ಟ್ ಮುಂದೂಡಬೇಡಿ, ಭಯ ಇಟ್ಟುಕೊಂಡೇ ಹೋಗಿ ಅಂದೆ. ಹುತ್ತರಿ ಹಬ್ಬ ಮುಗಿದ ಮೇಲೆ, ರೋಬಸ್ಟಾ ಕಾಫಿ ಕುಯ್ಲಿಗೆ ಮೊದಲು ಒಂದು ದಿನ ಗೊತ್ತು ಮಾಡಿಕೊಂಡೆವು. ರಿಪೋರ್ಟ್ ಅವತ್ತೇ ಸಿಗುತ್ತದಾ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ ಅಂದೆ, ಯಾಕಂದ್ರೆ ಯಂತ್ರ ಒತ್ತಿ ಹಿಡಿಯುವ ಕೆಲವು ಸೆಕೆಂಡಿಗಿಂತ ಕಾಯುವ ದಿನಗಳೇ ಜಾಸ್ತಿ ನೋಯಿಸುತ್ತವೆ. ಇನ್ನೊಂದು ಚಿತ್ರ ತೆಗೆಯಬೇಕು ಅಂತ ಮತ್ತೆ ಕರೆದರೆ ಕ್ಯಾನ್ಸರೇ ಅಂದುಕೊಳ್ಳಬೇಡಿ, ಹಾಗೆ ಕರೆಸಿಕೊಂಡ ಹೆಚ್ಚಿನವರಿಗೆ ಏನೂ ಇರುವುದಿಲ್ಲ. ಮಮೊಗ್ರಾಮ್‌ಗೂ ಎಲ್ಲವೂ ಕಾಣುವುದಿಲ್ಲ, ಅದಕ್ಕೇ ನಡುವೆ ಹೊಸ ಗಂಟು, ಚರ್ಮದಲ್ಲಿ ಗುಳಿ, ಮೊಲೆತೊಟ್ಟಿನಿಂದ ರಕ್ತ, ಏನೇ ಕಂಡರೂ ಮುಂದಿನ ತಾರೀಕಿಗೆ ಕಾಯಬೇಡಿ ಅಂತಲೂ ಹೇಳಿದೆ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿಯೇ ಮಾತಾಡಿದೆ. ಸೋಮವಾರಪೇಟೆಯಲ್ಲಿರುವ 47 ವರ್ಷದ ತಂಗಿಗೆ ಇವರು ಕಾಯಿಲೆಯ ವಿಷಯವನ್ನೇ ಹೇಳಿರಲಿಲ್ಲ. ಮದುವೆ ಮನೆಗಳಲ್ಲಿ ಮಾತಾಗುತ್ತದೆ ಅಂತ. ಒಡಹುಟ್ಟಿದ ಅಕ್ಕನಿಗೆ ಬಂದಿದ್ದರೆ ತಂಗಿಗೂ ಅಪಾಯ ಸ್ವಲ್ಪ ಜಾಸ್ತಿ. ಅದು ಗೊತ್ತಿದ್ದರೆ ತಾನೇ ಆಕೆ ಡಾಕ್ಟರಿಗೆ ಹೇಳಿ, ಯಾವಾಗಿಂದ, ಎಷ್ಟು ವರ್ಷಕ್ಕೊಮ್ಮೆ ನೋಡಿಸಬೇಕು ಅಂತ ಕೇಳುವುದು? ನನಗೆ ಆ ಮೌನವೇ ತುಂಬಾ ಸಂಕಟ ತಂದಿತು.

ಹುತ್ತರಿಗೆ ತಂಗಿ ಬಂದಾಗ ಹೇಳಿದರಂತೆ. ಡಿಸೆಂಬರಿನಲ್ಲಿ ಮೈಸೂರಿನಿಂದ ಫೋನ್ ಬಂತು. "ನಂದು ಮುಗೀತು ಮೇಡಂ, ಏನೂ ಇಲ್ವಂತೆ. ಈಗ ತಂಗಿ ಒಳಗೆ ಹೋಗಿದ್ದಾಳೆ, ಅವಳ ಬ್ಯಾಗ್ ಹಿಡ್ಕೊಂಡು ಕೂತಿದ್ದೀನಿ."