ಬೈಬಲ್ ವಾಕ್ಯ ಹೇಳಿದ್ದಕ್ಕೆ ಗೆಳತಿ ಮಾತು ಬಿಟ್ಟಳು

ಪ್ರಶ್ನೆ: ನಾವು ಶಿಡ್ಲಘಟ್ಟದ ಹತ್ತಿರದ ಹಳ್ಳಿಯವರು. ಎರಡು ತಿಂಗಳ ಹಿಂದೆ ನನ್ನ ಗೆಳತಿಯ ಗಂಡ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ಇಬ್ಬರೂ ಸೇರಿ ರೇಷ್ಮೆ ಹುಳ ಮೇಯಿಸುತ್ತಿದ್ದರು. ಮಣ್ಣು ಮಾಡಿದ ದಿನ ಅವಳ ಕೈ ಹಿಡಿದು, ‘ಎಲ್ಲಾ ಒಳ್ಳೆಯದಕ್ಕೇ ಆಗುತ್ತೆ ಅಂತ ವಾಕ್ಯದಲ್ಲೇ ಇದೆ, ಅಳಬೇಡ’ ಎಂದೆ. ‘ನಿನ್ನ ಗಂಡ ಮನೇಲಿದ್ದಾನೆ, ನೀನು ಹೇಳ್ತೀಯ’ ಎಂದಳು. ಅಂದಿನಿಂದ ಫೋನ್ ಎತ್ತುವುದಿಲ್ಲ. ಚರ್ಚಿಗೂ ಬರುತ್ತಿಲ್ಲ. ನೀನೇ ಕರೆದುಕೊಂಡು ಬಾ ಎಂದು ಸ್ತ್ರೀಯರ ಕೂಟದವರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಸಹೋದರಿ, ಅವರನ್ನು ಚರ್ಚಿಗೆ ಕರೆತರುವ ಯೋಚನೆ ಸದ್ಯಕ್ಕೆ ಬಿಡಿ. ಅವರು ಬರುವಾಗ ಬರುತ್ತಾರೆ.

ನೀವು ಹೇಳಿದ ವಾಕ್ಯ ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯದ್ದು. ಅದೇನೂ ಸುಳ್ಳಲ್ಲ. ಆದರೆ ಅದಕ್ಕೆ ಮುಂಚೆ, ಆ ಪತ್ರಿಕೆ ಬರೆದ ಪೌಲನು ಇಡೀ ಸೃಷ್ಟಿಯೇ ನರಳುತ್ತಿದೆ, ನಾವೂ ನರಳುತ್ತೇವೆ, ಏನು ಬೇಡಿಕೊಳ್ಳಬೇಕೋ ತಿಳಿಯದು ಎನ್ನುತ್ತಾನೆ. ಅದನ್ನೆಲ್ಲ ಬಿಟ್ಟು ನಾವು ನೇರ 28ನೇ ವಚನಕ್ಕೆ ಹೋಗಿಬಿಡುತ್ತೇವೆ, ಅಲ್ವಾ?

ಬೈಬಲಿನಲ್ಲಿ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಗೆಳೆಯರನ್ನು ಪ್ರಸಂಗಗಳಲ್ಲಿ ಜಾಸ್ತಿ ಬೈಯುತ್ತಾರೆ. ಪಾಪ, ಮೊದಲು ಅವರು ಮಾಡಿದ್ದು ಒಳ್ಳೆಯ ಕೆಲಸವೇ. ಎಲೀಫಜ, ಬಿಲ್ದದ, ಚೋಫರ ಮೂವರೂ ತಮ್ಮ ತಮ್ಮ ಊರು ಬಿಟ್ಟು ಬಂದರು. ಗುರುತೇ ಸಿಗದ ಹಾಗಾಗಿದ್ದ ಗೆಳೆಯನನ್ನು ಕಂಡು ಗಟ್ಟಿಯಾಗಿ ಅತ್ತರು. ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು. ಒಬ್ಬರೂ ಬಾಯಿ ಬಿಡಲಿಲ್ಲ. ಸಾವಿನ ಮನೆಯಲ್ಲಿ ಏಳು ನಿಮಿಷ ಸುಮ್ಮನಿರುವವರು ನಮ್ಮಲ್ಲಿ ಎಷ್ಟು ಜನ? ಕೆಟ್ಟಿದ್ದು ಆಮೇಲೆ. ಯಾಕೆ ಹೀಗಾಯಿತು ಎಂದು ಕಾರಣ ಹೇಳಲು ಹೊರಟರು, ನಿನ್ನದೇ ಏನೋ ಪಾಪ ಇರಬೇಕು ಎಂದರು. ಕೊನೆಗೆ ದೇವರು ಕೋಪಿಸಿಕೊಂಡದ್ದು ದೇವರ ಪರ ವಕಾಲತ್ತು ಮಾಡಿದ ಈ ಮೂವರ ಮೇಲೆ.

ಆದ್ದರಿಂದ ಫೋನ್ ಬೇಡ, ಮನೆಗೆ ಹೋಗಿ. ‘ಅವತ್ತು ಹಾಗೆ ಅನ್ನಬಾರದಿತ್ತು’ ಅನ್ನಿ. ಯಾಕೆ ಹಾಗಂದೆ ಎಂದು ವಿವರಿಸಬೇಡಿ. ಮೊದಲ ಸಲ ನಿಮ್ಮ ಯಜಮಾನರನ್ನು ಜೊತೆಗೆ ಕರೆದೊಯ್ಯಬೇಡಿ.

ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳಕ್ಕೆ ಎಷ್ಟು ಸೊಪ್ಪು ಬೇಕೆಂದು ನಿಮಗೆ ಗೊತ್ತೇ ಇದೆ. ಇಬ್ಬರು ಮಾಡುತ್ತಿದ್ದ ಕೆಲಸಕ್ಕೆ ಈಗ ಒಬ್ಬರೇ. ‘ಏನಾದ್ರೂ ಬೇಕಿದ್ರೆ ಕೇಳು’ ಎಂದರೆ ಯಾರೂ ಕೇಳುವುದಿಲ್ಲ. ‘ನಾಳೆ ಬೆಳಿಗ್ಗೆ ಸೊಪ್ಪು ಕುಯ್ಯೋಕೆ ಬರ್ತೀನಿ’ ಅನ್ನಿ, ಹೋಗಿ. ಕೂಟದವರಿಗೂ ಒಂದೊಂದು ದಿನ ಹಂಚಿ. ಗೂಡು ಮಾರಲು ಹೊರಟಾಗ ನೀವೂ ಮಾರ್ಕೆಟ್ಟಿಗೆ ಹೋಗಿ, ಹರಾಜು ಮುಗಿದು ದುಡ್ಡಿನ ಲೆಕ್ಕ ಆಗುವ ತನಕ ಪಕ್ಕದಲ್ಲಿರಿ.

ತೀರಿಹೋದವರ ಹೆಸರನ್ನು ಧಾರಾಳವಾಗಿ ಎತ್ತಿ. ಅಳು ಬರುತ್ತದೆ, ಬರಲಿ.

ದೇವರನ್ನು ಬೈದರೆ ತಡೆಯಬೇಡಿ. ‘ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ’ ಎಂದು ಮಾರ್ಥಳು ಯೇಸುವಿಗೆ ಎದುರಿಗೇ ಹೇಳಿದಳು. ಆತ ಗದರಲಿಲ್ಲ. ಆ ತಮ್ಮ ಲಾಜರನನ್ನು ಸಾವಿನಿಂದ ಎಬ್ಬಿಸುತ್ತೇನೆಂದು ಗೊತ್ತಿದ್ದೂ ಅತ್ತನು. ದೇವರ ಮುಂದೆ ಗೋಳು ಹೇಳಿಕೊಳ್ಳುವ 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ.

ಒಂದು ವಿಷಯಕ್ಕೆ ಮಾತ್ರ ಎಚ್ಚರವಿರಲಿ. ಊಟ, ನಿದ್ದೆ ಪೂರ್ತಿ ಬಿಟ್ಟಿದ್ದರೆ, ಬದುಕೇ ಬೇಡ ಎಂಬ ಮಾತು ಬಂದರೆ, ಪ್ರಾರ್ಥನೆಯೊಂದಕ್ಕೇ ಬಿಡಬೇಡಿ. ಒಬ್ಬರನ್ನೇ ಇರಲು ಬಿಡದೆ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.